ಬಂದೂಕಿಗೆ ಬಂದ ದುರ್ಬೀನು

ಬಂದೂಕಿನ ಮೇಲೆ ಕೂರುವ ದುರ್ಬೀನಿನ ಚರಿತ್ರೆಯನ್ನು ಒಂದು ಜೇಡನಿಂದ ಮೊದಲು ಮಾಡಿದರೆ ವಾಚಕರು ನಗಬಾರದು. 1640ರ ಸುಮಾರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ವಿಲಿಯಂ ಗ್ಯಾಸ್ಕಾಯಿನ್ ಎಂಬ ಖಗೋಳಪ್ರಿಯನಿದ್ದನು. ಅವನ ದುರ್ಬೀನಿನೊಳಗೆ ಜೇಡವೊಂದು ನೂಲೆಳೆಯಿತು. ಕಣ್ಣಿಗೆ ಅಷ್ಟು ಹತ್ತಿರದ ಎಳೆ ಮಸುಕಾಗಿ ಕಾಣಬೇಕಲ್ಲವೆ? ಹಾಗಾಗಲಿಲ್ಲ, ದೂರದ ಬಿಂಬದೊಡನೆ ಅದೂ ಸ್ಫುಟವಾಗಿ ಕಂಡಿತು. ಮಸೂರವು ಬಿಂಬವನ್ನು ಕೂಡಿಸುವ ಸ್ಥಳದಲ್ಲಿಯೇ ಎಳೆ ಬಿದ್ದಿತ್ತು. ಗ್ಯಾಸ್ಕಾಯಿನ್ ಆ ಮರ್ಮವನ್ನರಿತು ಕೋನವನ್ನಳೆಯುವ ಉಪಕರಣಗಳಿಗೆ ಅಳವಡಿಸಿದನು. 1644ರ ಮಾರ್ಸ್ಟನ್ ಮೂರ್ ಕದನದಲ್ಲಿ ಅವನು ಮಡಿದನು.

ಬಂದೂಕಿಗೆ ಇದರಿಂದೇನು ಪ್ರಯೋಜನ? ಹಳೆಯ ಕ್ರಮದಲ್ಲಿ ಹಿಂದಿನ ಕಂಡಿ, ನಳಿಗೆಯ ತುದಿಯ ಮೊನೆ, ದೂರದ ಗುರಿ ಈ ಮೂರನ್ನೂ ಕಣ್ಣು ಒಂದೇ ಗೆರೆಗೆ ತರಬೇಕು. ಮೂರೂ ಒಟ್ಟಿಗೆ ಸ್ಫುಟವಾಗಿ ಕಾಣುವುದು ಅಸಾಧ್ಯ. ನಲವತ್ತು ದಾಟಿದ ಮೇಲಂತೂ ಮೊನೆಯೇ ಮಂಜಾಗುತ್ತದೆ. ಈ ಪುಟವನ್ನು ಕನ್ನಡಕ ಹಾಕಿ ಓದುತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದುರ್ಬೀನಿನಲ್ಲಾದರೋ ಎಳೆಯೂ ಗುರಿಯೂ ಒಂದೇ ತಲದಲ್ಲಿರುತ್ತವೆ. ದೊಡ್ಡದಾಗಿ ತೋರಿಸುವುದಕ್ಕಿಂತ ಇದೇ ಅದರ ಹೆಚ್ಚಿನ ಉಪಕಾರವೆಂದು ನನ್ನ ಎಣಿಕೆ.

ಅಮೆರಿಕದಲ್ಲಿ ಜಾನ್ ಚಾಪ್ಮನ್ ಎಂಬ ಇಂಜಿನಿಯರನು 1844ರಲ್ಲಿ ರೈಫಲಿನ ಮೇಲೆ ಗ್ರಂಥ ಬರೆದು, ಮಾರ್ಗನ್ ಜೇಮ್ಸನು ಮಾಡಿದ ದುರ್ಬೀನನ್ನು ವರ್ಣಿಸಿದನು. 1855ರಲ್ಲಿ ಸಿರಕ್ಯೂಸಿನ ವಿಲಿಯಂ ಮಾಲ್ಕಂ ಬಣ್ಣ ಚದುರದ ಮಸೂರಗಳನ್ನು ಬಳಸತೊಡಗಿದನು. ಕೊಳವೆ ಸಣ್ಣದು, ಉದ್ದವೋ ನಳಿಗೆಯಷ್ಟೇ! ಮುಂಬಯಿ ಸೈನ್ಯದಲ್ಲಿದ್ದ ಡೇವಿಡ್‌ಸನ್ ಎಂಬ ಅಧಿಕಾರಿಯ ದುರ್ಬೀನು ವಿಟ್‌ವರ್ತ್ ರೈಫಲಿನ ಎಡ ಮಗ್ಗುಲಲ್ಲಿ ಕುಳಿತಿತು.

ಪಂದ್ಯದ ಹಿರಿಯರು ಇದನ್ನು ಸುಲಭವಾಗಿ ಒಳಗೆ ಬಿಡಲಿಲ್ಲ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬಳಿಯ ಕ್ರೀಡ್ಮೂರಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ 800, 900, 1000 ಗಜಗಳಲ್ಲಿ ಪಂದ್ಯ ನಡೆದಾಗ ದುರ್ಬೀನಿಗೆ ನಿಷೇಧವಿತ್ತು. ಐರಿಷ್ ತಂಡದ ಮಿಲ್ನರನು ಹೊಡೆದ ಒಂದು ಗುಂಡು ನಟ್ಟನಡುವೆ ತಾಗಿತು. ಆದರೆ ತನ್ನ ಗುರಿಹಲಗೆಗಲ್ಲ, ಬೇರೊಂದಕ್ಕೆ! ನಡುವಣ ಏಟಿಗೆ ಆಗ 4 ಅಂಕ. ಅವನಿಗೆ ದೊರೆತದ್ದು ಸೊನ್ನೆ. ಅಮೆರಿಕ 934, ಐರ್ಲೆಂಡ್ 931. ದುರ್ಬೀನಿದ್ದಿದ್ದರೆ ಈ ಪ್ರಮಾದ ತಪ್ಪುತ್ತಿತ್ತೆ? ಹೇಳಲಾಗದು. ದ್ರೋಣರು ಕೇಳಿದಾಗ ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಂಡಿತಷ್ಟೆ. ಕಿರಿದಾದ ನೋಟದ ದುರ್ಬೀನು ತೋರಿಸುವುದೂ ಅಷ್ಟನ್ನೇ. ಅದು ಯಾವ ಮರದ ಹಕ್ಕಿಯೆಂಬುದನ್ನು ಹೇಳದು.

ಇನ್ನು ಕೂರಿಸುವ ವಿಚಾರ. ಪಂಚಾಂಗದ ಭಾಗೆ, ಕಲೆಗಳು ನಿಮಗೆ ಪರಿಚಿತವೇ. ಭಾಗೆಯ ಅರವತ್ತನೆಯ ಪಾಲಾದ ಆ ಕಲೆಯೇ ಇಲ್ಲಿಯೂ ಅಳತೆ: 100 ಗಜಕ್ಕೆ ಒಂದಂಗುಲಕ್ಕೆ ತುಸು ಹೆಚ್ಚು, 1000 ಗಜಕ್ಕೆ ಸುಮಾರು ಹತ್ತೂವರೆ ಅಂಗುಲ. ತಿರುಗಣೆಯ ಒಂದೊಂದು ಟಿಕ್ಕಿಗೆ ಕಾಲು ಕಲೆ ಸರಿಯುವುದು ಸಾಮಾನ್ಯ. 1000 ಗಜ ಹೋಗುವಷ್ಟರಲ್ಲಿ ಗುಂಡು 25 ಅಡಿಗೂ ಹೆಚ್ಚು ಇಳಿಯುವುದರಿಂದ ತಿರುಗಣೆಯೊಂದೇ ಸಾಲದೆ ಬರಬಹುದು. ಅದಕ್ಕಾಗಿ ಪೀಠವನ್ನೇ 20 ಕಲೆ ಮುಂದಕ್ಕೆ ಬಾಗಿಸಿ ಮಾಡುವುದುಂಟು. ಗಾರೆಯವರ ತೂಗುಗುಂಡಿನ ದಾರವನ್ನು ದೂರದಲ್ಲಿ ಇಳಿಬಿಟ್ಟು, ರೈಫಲನ್ನು ನೆಟ್ಟಗಿಟ್ಟು, ನಿಂತ ಎಳೆಯನ್ನು ದಾರಕ್ಕೆ ಹೊಂದಿಸಬೇಕು. ಎಳೆ ವಾಲಿದರೆ ಎತ್ತರಕ್ಕೆಂದು ತಿರುಗಿಸಿದ್ದು ಮಗ್ಗುಲಿಗೂ ಒಯ್ಯುತ್ತದೆ. ಒದೆತಕ್ಕೆ ಹುಬ್ಬು ಒಡೆಯದಂತೆ ಕಣ್ಣು ಮೂರು ನಾಲ್ಕು ಅಂಗುಲ ಹಿಂದಿರಲಿ. ಬಳಿಕ ರೈಫಲನ್ನು ಅಲುಗಿಸದೆ ತಲೆಯನ್ನು ಮಾತ್ರ ಅತ್ತಿತ್ತ ಆಡಿಸಿ ನೋಡಿ. ಗುರಿಯ ಮೇಲೆ ಎಳೆ ಓಡಾಡಿದರೆ ಎರಡೂ ಒಂದೇ ತಲಕ್ಕೆ ಬಂದಿಲ್ಲವೆಂದರ್ಥ. ಅದು ನಿಲ್ಲುವವರೆಗೆ ಬಳೆಯನ್ನು ತಿರುಗಿಸಬೇಕು. ಕೊಳ್ಳುವವರು ಹಲವರು ದೊಡ್ಡದಾಗಿ ತೋರಿಸುವುದನ್ನೇ ಆರಿಸುತ್ತಾರೆ. ಗುರಿ ಹಿಗ್ಗಿದಷ್ಟೇ ಕೈನಡುಕವೂ ಬಿಸಿಲ್ಗುದುರೆಯೂ ಹಿಗ್ಗುತ್ತವೆ. ಬಿಸಿಲೇರಿದಾಗ ತಗ್ಗಿಸಿಕೊಳ್ಳಲು ಬರುವಂಥದು ಮೇಲು.

ದೂರದ ಪಂದ್ಯಗಳಲ್ಲಿ ದುರ್ಬೀನಿಗೆ ತನ್ನದೇ ಪಂಕ್ತಿ ದೊರೆತದ್ದು ಮುದುಕರ ದೆಸೆಯಿಂದ. ಕಣ್ಣು ಕುಂದಿದ ಹಳೆಯ ಗುರಿಕಾರರು ಮನೆ ಸೇರಬಾರದೆಂದು ಕೆನಡಾದ ಜಾರ್ಜ್ ಫರ್ಕ್ವರ್‌ಸನ್ ಎಂಬವರು ಹಟ ಹಿಡಿದರು. ಮಲಗಿ, ರೈಫಲಿಗೆ ಆಸರೆ ಕೊಟ್ಟು, ದುರ್ಬೀನಿನಿಂದ ಹೊಡೆಯುವ ವರ್ಗಕ್ಕೆ ಅವರ ಹೆಸರಿನ ಮೊದಲಕ್ಷರದಿಂದಲೇ ಎಫ್ ಕ್ಲಾಸ್ ಎಂದು ಹೆಸರಾಯಿತು. 2002ರಲ್ಲಿ ಕೆನಡಾದಲ್ಲಿಯೇ ಅದರ ಮೊದಲ ವಿಶ್ವಪಂದ್ಯ ನಡೆಯಿತು. ಮುದುಕರಿಗೆಂದು ತೆರೆದ ಆ ಬಾಗಿಲಿನಿಂದ ಈಗ ಎಳೆಯರೂ ಬರುತ್ತಿದ್ದಾರೆ.