ಬಟಾವಿಯದ ಕೋಳಿಗಳು, ಜಾವಾದ ಸೆರೆಮನೆಗಳು: ಬೆರಿಬೆರಿಯ ಕಾರಣಶೋಧನೆಯಲ್ಲಿ ಪ್ರಾಣಿಪ್ರಯೋಗ ಮತ್ತು ಮಾನವ ನಿರೀಕ್ಷಣೆ

ಸುಮಾತ್ರಾ ದ್ವೀಪದ ಯುದ್ಧದಲ್ಲಿ ತೊಡಗಿದ್ದ ಡಚ್ ಸೈನ್ಯವನ್ನು ಶತ್ರುವಿನ ಆಯುಧದಂತೆಯೇ ಬೆರಿಬೆರಿ ರೋಗವೂ ಪೀಡಿಸುತ್ತಿದ್ದುದರಿಂದ, ಅದರ ಮೂಲವನ್ನು ಅರಿಯಲೆಂದು ಹಾಲೆಂಡಿನ ಸರ್ಕಾರವು 1886ರಲ್ಲಿ ಪೆಕೆಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ವಿದ್ವಾಂಸರನ್ನು ಈಸ್ಟ್ ಇಂಡೀಸ್ ದ್ವೀಪಗಳಿಗೆ ಕಳುಹಿಸಿತು. ಪಾಸ್ಚರ್ ಮತ್ತು ಕಾಖ್‌ರ ಸಿದ್ಧಾಂತಗಳು ವೈದ್ಯಲೋಕವನ್ನು ಸಂಪೂರ್ಣವಾಗಿ ಆವರಿಸಿದ್ದ ಆ ಕಾಲದಲ್ಲಿ ಪ್ರತಿಯೊಂದು ವ್ಯಾಧಿಗೂ ಒಂದು ಸೂಕ್ಷ್ಮಜೀವಿಯನ್ನು ಹುಡುಕುವುದೇ ಸಹಜ ಮಾರ್ಗವೆನಿಸಿತ್ತು. ಅವರು ಸ್ವದೇಶಕ್ಕೆ ಮರಳಿದ ಮೇಲೆ ಬಟಾವಿಯದ ಸೈನಿಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಈ ಅನ್ವೇಷಣೆಯನ್ನು ಮುಂದುವರಿಸಿದವರು ಕ್ರಿಸ್ಟಿಯಾನ್ ಐಕ್‌ಮನ್. ಮೊಲಗಳಲ್ಲಿಯೂ ಕೋತಿಗಳಲ್ಲಿಯೂ ರೋಗವನ್ನು ಉಂಟುಮಾಡುವ ಯತ್ನಗಳು ಫಲಿಸದಿರಲು, ಅಲ್ಪವ್ಯಯದಲ್ಲಿ ಬಹುಸಂಖ್ಯೆಯಲ್ಲಿ ಸಾಕಬಹುದಾದ ಕೋಳಿಗಳನ್ನು ಅವರು ಆರಿಸಿಕೊಂಡರು.

1889ರಲ್ಲಿ ಆ ಕೋಳಿಗಳ ಕಾಲುಗಳು ನಿಶ್ಶಕ್ತವಾಗಿ, ಅವು ನಿಲ್ಲಲಾರದೆ ಕುಸಿಯತೊಡಗಿದವು. ರೋಗದ್ರವ್ಯವನ್ನು ಚುಚ್ಚಿದ ಕೋಳಿಗಳಂತೆಯೇ ಏನನ್ನೂ ಚುಚ್ಚದ ಕೋಳಿಗಳೂ ಬಿದ್ದವು. ನವೆಂಬರಿನ ಕೊನೆಯ ವೇಳೆಗೆ ವ್ಯಾಧಿಯು ತಾನಾಗಿಯೇ ಶಮನವಾಯಿತು. ವಿಚಾರಿಸಿದಾಗ ತಿಳಿದುಬಂದದ್ದಿಷ್ಟು: ಪಾಲಕನು ಕೆಲವು ತಿಂಗಳುಗಳಿಂದ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿಯಕ್ಕಿಯ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದನು, ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಪ್ಪಲಿಲ್ಲ. ಈ ಘಟನೆಯನ್ನು ಕೇವಲ ಆಕಸ್ಮಿಕವೆಂದು ವರ್ಣಿಸುವುದು ವಾಡಿಕೆಯಾಗಿದೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಆಹಾರ ಬದಲಾದದ್ದು ಆಕಸ್ಮಿಕವಿರಬಹುದು. ಸೂಕ್ಷ್ಮಜೀವಿಯನ್ನೇ ನಂಬಿ ಬಂದ ವಿಜ್ಞಾನಿಯು ಆ ನಂಬಿಕೆಯನ್ನು ಬದಿಗಿರಿಸಿ ಕಾಳಿನ ಕಡೆಗೆ ದೃಷ್ಟಿ ಹೊರಳಿಸಿದುದು ಆಕಸ್ಮಿಕವಲ್ಲ. ಮುಂದಿನ ವರ್ಷಗಳಲ್ಲಿ ಅವರು, ನಯಮಾಡಿದ ಅಕ್ಕಿಯಿಂದ ಕೋಳಿಗಳಿಗೆ ರೋಗ ಬರುವುದೆಂಬುದನ್ನೂ, ಕಾಳಿನ ಕೆಂಪು ಪೊರೆಯನ್ನೋ ತೌಡನ್ನೋ ಕೊಟ್ಟರೆ ಅದು ನಿವಾರಣೆಯಾಗುವುದೆಂಬುದನ್ನೂ ಮತ್ತೆ ಮತ್ತೆ ಪರೀಕ್ಷಿಸಿ ಸ್ಥಾಪಿಸಿದರು. ಆದಾಗ್ಯೂ ಅಕ್ಕಿಯ ಪಿಷ್ಟದಲ್ಲಿ ವಿಷವಿದೆ, ತೌಡಿನಲ್ಲಿ ಅದರ ಪ್ರತಿವಿಷವಿದೆ ಎಂಬುದೇ ಅವರ ವ್ಯಾಖ್ಯಾನವಾಗಿತ್ತು. ಆಹಾರದಲ್ಲಿ ಅವಶ್ಯವಾದ ಒಂದು ದ್ರವ್ಯದ ಅಭಾವವೇ ಕಾರಣವೆಂದು 1901ರಲ್ಲಿ ಸ್ಪಷ್ಟವಾಗಿ ಹೇಳಿದವರು ಅವರ ಉತ್ತರಾಧಿಕಾರಿಯಾದ ಗೆರಿಟ್ ಗ್ರೈನ್ಸ್.

ಕೋಳಿಯ ವ್ಯಾಧಿಯು ಮನುಷ್ಯನ ವ್ಯಾಧಿಯೇ ಎಂಬುದು ಇಷ್ಟರಿಂದ ಸಿದ್ಧವಾಗಲಿಲ್ಲ. ಕೋಳಿಯಲ್ಲಿ ಎದ್ದು ಕಂಡದ್ದು ನರಗಳ ಕ್ಷಯ. ಮನುಷ್ಯನಲ್ಲಾದರೋ ದೇಹದ ಬಾವೂ ಹೃದಯದ ವೈಫಲ್ಯವೂ ಅಷ್ಟೇ ಪ್ರಧಾನವಾದ ಲಕ್ಷಣಗಳು. ಈ ಅಂತರವನ್ನು ದಾಟಲು ನೆರವಾದವರು ಜಾವಾ ಮತ್ತು ಮದುರಾಗಳ ಆರೋಗ್ಯಾಧಿಕಾರಿಯಾಗಿದ್ದ ಅಡಾಲ್ಫ್ ವೋರ್ಡರ್‌ಮನ್. ಬೇರೆ ಬೇರೆ ಪ್ರಾಂತಗಳ ಸೆರೆಮನೆಗಳು ಸ್ಥಳೀಯ ರೂಢಿಯನ್ನನುಸರಿಸಿ ಬೇರೆ ಬೇರೆ ಬಗೆಯ ಅಕ್ಕಿಯನ್ನು ಬಳಸುತ್ತಿದ್ದುವೆಂಬುದನ್ನು ಮನಗಂಡ ಅವರು, ಸುಮಾರು 2,80,000 ಬಂದಿಗಳಿದ್ದ 101 ಸೆರೆಮನೆಗಳ ವೃತ್ತಾಂತವನ್ನು ಸಂಗ್ರಹಿಸಿದರು. ತೌಡು ಉಳಿದ ಅಕ್ಕಿಯನ್ನುಣ್ಣುತ್ತಿದ್ದ 37 ಸೆರೆಮನೆಗಳ ಪೈಕಿ ಒಂದರಲ್ಲಿ ಮಾತ್ರ ಬೆರಿಬೆರಿ ಕಂಡಿತು. ನಯಮಾಡಿದ ಅಕ್ಕಿಯ 51ರ ಪೈಕಿ 36ರಲ್ಲಿ ಅದು ನೆಲೆಸಿತ್ತು. ಕಟ್ಟಡದ ವಯಸ್ಸು, ಗಾಳಿಯ ಸಂಚಾರ, ಜನಸಾಂದ್ರತೆ ಇವುಗಳನ್ನೂ ಅವರು ತೂಗಿ ನೋಡಿ, ರೋಗದ ಹಂಚಿಕೆಗೆ ಇವು ಕಾರಣವಲ್ಲವೆಂದು ತೋರಿಸಿದರು. ಪ್ರಯೋಗಶಾಲೆಯು ಎತ್ತಿದ ಪ್ರಶ್ನೆಯನ್ನು ಮಾನವಸಮುದಾಯದಲ್ಲಿ ಇಷ್ಟು ವಿಶಾಲವಾಗಿ ಪರಿಶೀಲಿಸಿದ ಉದಾಹರಣೆ ಆ ಶತಮಾನದಲ್ಲಿ ಅಪೂರ್ವ.

ವೋರ್ಡರ್‌ಮನ್ನರದು ನಿರೀಕ್ಷಣೆಯೇ ಹೊರತು ಪ್ರಯೋಗವಲ್ಲ. ಪ್ರಯೋಗವು ನಡೆದದ್ದು ಮಲಯದಲ್ಲಿ. ಅಲ್ಲಿಗೆ ದುಡಿಯಲು ಹೋಗಿದ್ದ ತಮಿಳರು, ನಮ್ಮ ಕರಾವಳಿಯ ಕುಚ್ಚಲಕ್ಕಿಯಂತೆ ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಅಕ್ಕಿಯನ್ನುಣ್ಣುತ್ತಿದ್ದುದರಿಂದ ರೋಗದಿಂದ ಬಹುಮಟ್ಟಿಗೆ ಮುಕ್ತರಾಗಿದ್ದರು. ಹಾಗೆ ಬೇಯಿಸುವಾಗ ಪೊರೆಯ ಸತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಇದನ್ನು ಪರೀಕ್ಷಿಸಲೆಂದು ವಿಲಿಯಂ ಫ್ಲೆಚರ್ ಎಂಬ ವೈದ್ಯರು ಕ್ವಾಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದವರನ್ನು ಸಾಲಾಗಿ ನಿಲ್ಲಿಸಿ, ಸಮ ವಿಷಮ ಸಂಖ್ಯೆಗಳ ಮೇಲೆ ಎರಡು ಗುಂಪುಗಳನ್ನಾಗಿ ವಿಂಗಡಿಸಿ, ಒಂದಕ್ಕೆ ಬಿಳಿಯಕ್ಕಿಯನ್ನೂ ಇನ್ನೊಂದಕ್ಕೆ ಕುಚ್ಚಲಕ್ಕಿಯನ್ನೂ ಕೊಡಿಸಿದರು. ರೋಗವು ಸ್ಥಳದೋಷದಿಂದ ಬರುವುದೇನೋ ಎಂಬ ಸಂದೇಹದಿಂದ ನಡುವೆ ಗುಂಪುಗಳ ವಾಸಸ್ಥಾನಗಳನ್ನೂ ಅದಲುಬದಲು ಮಾಡಿದರು. ಅಕ್ಕಿಯೇ ಕಾರಣವೆಂಬ ಮತದಲ್ಲಿ ಅವರಿಗೆ ಮೊದಲು ವಿಶ್ವಾಸವಿರಲಿಲ್ಲ. 1907ರಲ್ಲಿ ಅವರೇ ಪ್ರಕಟಿಸಿದ ವರದಿಯಂತೆ ಬಿಳಿಯಕ್ಕಿಯ ಗುಂಪಿನಲ್ಲಿ 18 ಮಂದಿ ಬೆರಿಬೆರಿಯಿಂದ ಮೃತರಾದರು. ಇನ್ನೊಂದು ಗುಂಪಿನಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ.

ಎಲ್ಲ ಪ್ರಾಣಿಗಳೂ ಒಂದೇ ಬಗೆಯಾಗಿ ಉತ್ತರ ಕೊಡುವುದಿಲ್ಲವೆಂಬುದಕ್ಕೆ ಅದೇ 1907ರಲ್ಲಿ ನಾರ್ವೆಯಿಂದ ಬಂದ ನಿದರ್ಶನವೊಂದುಂಟು. ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬುವರು ಗಿನಿಯಿಲಿಗಳಿಗೆ ಬರಿಯ ಧಾನ್ಯವನ್ನು ಕೊಟ್ಟು ಬೆರಿಬೆರಿಯನ್ನು ನಿರೀಕ್ಷಿಸಿದರೆ ಬಂದದ್ದು ಸ್ಕರ್ವಿ. ಮನುಷ್ಯನಂತೆ ಗಿನಿಯಿಲಿಯೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಹೆಗ್ಗಣ, ಇಲಿಗಳು ತಯಾರಿಸಿಕೊಳ್ಳಬಲ್ಲವು. ಆದುದರಿಂದ ಯಾವ ಪ್ರಾಣಿಯು ಯಾವ ಅಂಶದಲ್ಲಿ ಮನುಷ್ಯನನ್ನು ಹೋಲುವುದೆಂಬುದನ್ನು ಮೊದಲೇ ಊಹಿಸಿ ನಿಶ್ಚಯಿಸಲಾಗದು. ಮನುಷ್ಯನಲ್ಲಿ ಕಂಡ ಸಂಗತಿಯೊಡನೆ ಪ್ರತಿಯೊಂದು ಸಲವೂ ತಾಳೆ ನೋಡಿಯೇ ತಿಳಿಯಬೇಕು.

ಕ್ವಾಲಾಲಂಪುರದ ಆ 18 ಮಂದಿಯನ್ನು ಮರೆತು ಈ ಇತಿಹಾಸವನ್ನು ಬರೆಯುವುದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ಒಪ್ಪಿಗೆಯನ್ನು ಕೊಡುವ ಅಥವಾ ನಿರಾಕರಿಸುವ ಸ್ಥಿತಿಯಲ್ಲಿಲ್ಲದ ಆ ರೋಗಿಗಳ ದೇಹಗಳ ಮೇಲೆಯೇ ಕೋಳಿಗಳು ಸೂಚಿಸಿದ ಸತ್ಯವು ಮನುಷ್ಯಸತ್ಯವಾಗಿ ಸ್ಥಿರಪಟ್ಟಿತು. 1947ರ ನ್ಯೂರೆಂಬರ್ಗ್ ಸಂಹಿತೆಯು ಮನುಷ್ಯರ ಮೇಲಣ ಪ್ರಯೋಗಕ್ಕೆ ಪ್ರಾಣಿಪ್ರಯೋಗದ ಆಧಾರವಿರಬೇಕೆಂದು ವಿಧಿಸಿತಾದರೂ, ಅದಕ್ಕಿಂತ ಮೊದಲು, ತನ್ನ ಪ್ರಥಮ ಸೂತ್ರವಾಗಿಯೇ, ಸ್ವಯಿಚ್ಛೆಯ ಸಮ್ಮತಿಯನ್ನು ಇರಿಸಿತು. ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. 1902ರಲ್ಲಿಯೇ ತೀರಿಕೊಂಡಿದ್ದ ವೋರ್ಡರ್‌ಮನ್ನರ ಹೆಸರನ್ನು ಇಂದು ವೈದ್ಯವಿದ್ಯಾರ್ಥಿಗಳಲ್ಲಿ ಬಹುಮಂದಿ ಕೇಳಿಯೂ ಇಲ್ಲ. ಪ್ರಾಣಿಪ್ರಯೋಗದ ಪಾಠವನ್ನು ಹೇಳುವ ಅಧ್ಯಾಪಕರು ಕೋಳಿಗಳ ಕಥೆಯೊಡನೆ ಆ 101 ಸೆರೆಮನೆಗಳ ವೃತ್ತಾಂತವನ್ನೂ, ಆ 18 ಮರಣಗಳನ್ನೂ ತಪ್ಪದೆ ಹೇಳಬೇಕೆಂದು ನನ್ನ ವಿಜ್ಞಾಪನೆ.