ಬೀದರ್ ಸೀಮೆಯ ಮೌಖಿಕ ಕಾವ್ಯ

ಬೀದರ್ ನಗರ, ಭಾಲ್ಕಿ, ಔರಾದ್ ಸೀಮೆಯಲ್ಲಿ ಕವಿತೆ ಓದುವವರಿಗಿಂತ ಕೇಳುವವರೇ ಹೆಚ್ಚು. ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ಈ ಗಡಿನಾಡಿನಲ್ಲಿ ಪದ್ಯ ಬೆಳೆದದ್ದು ಮಠದ ಭಜನೆ, ಮೊಹರಂ ಕುಣಿತ, ಮುಶಾಯಿರಾ (ಉರ್ದು ಕವಿಗೋಷ್ಠಿ), ಸಪ್ತಾಹಗಳಲ್ಲಿ. ಅಂದರೆ ಜನ ಸೇರುವ ಕಡೆಯಲ್ಲೇ.

ಬಹಮನಿ ದೊರೆ ಅಹ್ಮದ್ ಶಾ (ಆಳ್ವಿಕೆ 1422–36) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಉಳಿದು ಬಂದಿರುವ ದಖನಿ ಕಾವ್ಯಗಳಲ್ಲಿ ಅತಿ ಹಳೆಯದೆಂದು ವಿದ್ವಾಂಸರು ಎಣಿಸುವ ನಿಜಾಮಿಯ ‘ಕದಂ ರಾವ್ ಪದಂ ರಾವ್’ ಹುಟ್ಟಿದ್ದು ಆ ಕಾಲದಲ್ಲಿ. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಅಹ್ಮದ್ ಶಾನ ಗೋರಿಗೆ ಲಿಂಗಾಯತರೂ ನಡೆದುಕೊಳ್ಳುತ್ತಾರೆ. ಅವರಿಗೆ ಆತ ಅಲ್ಲಮಪ್ರಭು.

ಮುಶಾಯಿರಾದ ಸೊಗಸು ಕೇಳುಗರ ಕೈಯಲ್ಲಿದೆ. ಶಾಯರ್ (ಕವಿ) ಎರಡು ಸಾಲಿನ ಶೇರ್‌ನ ಮೊದಲ ಸಾಲನ್ನು ಎರಡು ಮೂರು ಸಲ ಹೇಳಿ ಕಾಯಿಸುತ್ತಾನೆ. ಎರಡನೇ ಸಾಲಿನ ಪ್ರಾಸಪದವಾದ ಕಾಫಿಯಾ ಬಾಯಿಂದ ಬೀಳುತ್ತಿದ್ದಂತೆ ಅದರ ಹಿಂದೆ ಬರುವ, ಪ್ರತಿ ಶೇರ್‌ನಲ್ಲೂ ಮರುಕಳಿಸುವ ರದೀಫನ್ನು ಸಭೆಯೇ ಕೂಗಿ ಮುಗಿಸುತ್ತದೆ. ‘ವಾಹ್’, ‘ಮುಕರ್ರರ್’ ಎಂದರೆ ಅದೇ ಶೇರ್ ಮತ್ತೊಮ್ಮೆ. ಷಿಕಾಗೊದಲ್ಲಿ 1980ರ ದಶಕದಲ್ಲಿ ಮಾರ್ಕ್ ಸ್ಮಿತ್ ಶುರುಮಾಡಿದ ಪೊಯಟ್ರಿ ಸ್ಲ್ಯಾಮ್‌ನಲ್ಲಿ ಸಭಿಕರು ಕವಿಗೆ ಅಂಕ ಕೊಡುತ್ತಾರೆ. ಇಲ್ಲಿ ಅಂಕವಿಲ್ಲ, ದಾದ್ (ಮೆಚ್ಚುಗೆಯ ಕೂಗು) ಇದೆ. ಮುಶಾಯಿರಾದಲ್ಲಿ ಕೇಳಿಬರುವ ಗಜಲನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ರಾಯಚೂರು ಸೀಮೆಯ ಶಾಂತರಸ. 2006ರಲ್ಲಿ ಬೀದರಿನಲ್ಲಿ ನಡೆದ 72ನೇ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದ್ದು ತಕ್ಕದ್ದೇ ಆಗಿತ್ತು.

ಮೊಹರಂ ಬಂತೆಂದರೆ ಹಳ್ಳಿಗಳಲ್ಲಿ ಅಲಾಯಿ ಕುಣಿಯ (ಬೆಂಕಿಗುಂಡಿಯ) ಸುತ್ತ ರಿವಾಯತ್ ಪದ ಶುರುವಾಗುತ್ತದೆ. ಮುಂದಾಳು ಒಂದು ನುಡಿ ಎತ್ತಿಕೊಟ್ಟರೆ ಮೇಳದವರು ಹೆಜ್ಜೆ ಹಾಕುತ್ತ ಅದನ್ನೇ ಹಿಡಿದು ಹಾಡುತ್ತಾರೆ. ಹಸನ್–ಹುಸೇನರ ಕರ್ಬಲಾ ಕಥೆ ಅಚ್ಚ ಕನ್ನಡದಲ್ಲಿ ಹರಿಯುತ್ತದೆ, ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಇನ್ನು ಔರಾದ್ ಕಡೆಯ ಸಪ್ತಾಹಗಳಲ್ಲಿ ತುಕಾರಾಮರ ಮರಾಠಿ ಅಭಂಗಗಳಿಗೆ ಟಾಳ, ಮೃದಂಗದ ಜೊತೆ.

ಭಾಲ್ಕಿಯ ಕಥೆ ಬೇರೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಸವಾದಿ ಶರಣರ ವಚನಗಳು ಈ ಸೀಮೆಯ ನಾಲಿಗೆಯ ಮೇಲೆ ಉಳಿದದ್ದರಲ್ಲಿ ಅಂಥ ಮಠಗಳ ಪಾಲು ದೊಡ್ಡದು. ಅಕ್ಷರ ಬಾರದವರ ಪಾಲೂ ಕಡಿಮೆಯಲ್ಲ: ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ತತ್ವಪದ ಹಾಡುವ ಭಜನಾ ಮೇಳದವರು ನೂರಾರು ಪದಗಳನ್ನು ಬಾಯಿಪಾಠದಲ್ಲೇ ಇಟ್ಟುಕೊಂಡವರು. ಕೊನೆಯ ನುಡಿಯಲ್ಲಿ ಬರುವ ಗುರುವಿನ ಅಂಕಿತವೇ ಪದ ಯಾರದೆಂಬುದಕ್ಕೆ ಗುರುತು.

ಪುಸ್ತಕದಲ್ಲಿ ಅಚ್ಚಾದ ತತ್ವಪದ, ರಿವಾಯತ್‌ಗಳಿಗೆ ಮಟ್ಟು ಇರುವುದಿಲ್ಲ. ಆದ್ದರಿಂದ ಈ ಭಾಗದ ಓದುಗರು ತಮ್ಮೂರಿನ ಹಿರಿಯರಿಂದ ಹಾಡಿಸಿ ಧ್ವನಿಮುದ್ರಣ ಮಾಡಿಕೊಂಡು, ಹಾಡಿದವರ ಹೆಸರು, ಊರು, ಮಟ್ಟು ಬರೆದಿಡಬೇಕು.