ರಂಗೋಲಿ ಕೆಳಗೆ ತೂರಿದ ಕಾನೂನುಗಳು

2014ರ ಏಪ್ರಿಲ್ 8ರಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ ಒಂದು ಅಪರೂಪದ ತೀರ್ಪು ಕೊಟ್ಟಿತು. ಒಕ್ಕೂಟದ ಅಷ್ಟೂ ಜನರ ಫೋನ್ ಮತ್ತು ಇಂಟರ್‌ನೆಟ್ ಬಳಕೆಯ ವಿವರಗಳನ್ನು ಕಂಪನಿಗಳು ಕೂಡಿಡಬೇಕೆಂದು ವಿಧಿಸಿದ್ದ 2006ರ ನಿರ್ದೇಶನ ಹುಟ್ಟಿದ ದಿನದಿಂದಲೇ ಅಸಿಂಧು ಎಂದಿತು. ಮೂರು ತಿಂಗಳು ಕಳೆಯಿತು. ಜುಲೈ 10ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ತುರ್ತು ಮಸೂದೆಯೊಂದನ್ನು ಪ್ರಕಟಿಸಿದರು. ಮೂರು ದೊಡ್ಡ ಪಕ್ಷಗಳೂ ಮೊದಲೇ ಮಾತಾಡಿಕೊಂಡಿದ್ದವು. ಜುಲೈ 17ಕ್ಕೆ ಮಸೂದೆ ಕಾಯ್ದೆಯಾಯಿತು. ಲಕ್ಸೆಂಬರ್ಗ್ ಬೇಡವೆಂದದ್ದು ಲಂಡನ್ನಿನಲ್ಲಿ ಒಂದೇ ವಾರದಲ್ಲಿ ಬೇರೆ ಹೆಸರಿನಿಂದ ಬದುಕಿಕೊಂಡಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಡಿಜಿಟಲ್ ಖಾಸಗಿತನದ ಮಾತು ಬಂದಾಗ ಯೂರೋಪನ್ನು ಮಾದರಿ ಎನ್ನುವುದು ರೂಢಿ. ಅದು ಸುಳ್ಳೂ ಅಲ್ಲ. ಆದರೆ ಅಲ್ಲಿನ ಐವತ್ತು ವರ್ಷಗಳ ಕಣ್ಗಾವಲಿನ ಚರಿತ್ರೆಯನ್ನು ಸಾಲಾಗಿ ಓದಿಕೊಂಡು ಹೋದರೆ ಒಂದು ವಿಚಿತ್ರ ಕಾಣುತ್ತದೆ: ಖಾಸಗಿತನ ಅಲ್ಲಿ ಸವೆದದ್ದು ಹೆಚ್ಚಾಗಿ ಕಾನೂನು ಮಾಡುತ್ತ ಮಾಡುತ್ತಲೇ. ಗುಟ್ಟಾಗಿ ನಡೆಯುತ್ತಿದ್ದುದು ಬಯಲಾಗುತ್ತದೆ, ಗಲಾಟೆಯಾಗುತ್ತದೆ, ಕೋರ್ಟು ಛೀಮಾರಿ ಹಾಕುತ್ತದೆ, ಕೊನೆಗೆ ಅದೇ ಕೆಲಸಕ್ಕೆ ಒಂದು ಕಾಯ್ದೆ ಬರುತ್ತದೆ.

ಮೊದಲ ಅಧ್ಯಾಯ ಜರ್ಮನಿಯದು. ಜಗತ್ತಿನ ಮೊಟ್ಟಮೊದಲ ದತ್ತಾಂಶ ರಕ್ಷಣಾ ಕಾಯ್ದೆಯನ್ನು 1970ರಲ್ಲಿ ಮಾಡಿದ್ದು ಅಲ್ಲಿನ ಹೆಸ್ಸೆ ರಾಜ್ಯ. ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬರುತ್ತಿದ್ದ ಕಾಲ ಅದು. ಜನರ ಪಟ್ಟಿಯಿಟ್ಟುಕೊಂಡು ನಾಜಿಗಳು ಏನು ಮಾಡಿದರೆಂಬುದನ್ನು ಕಂಡವರು ಇನ್ನೂ ಬದುಕಿದ್ದರು. 1983ರ ವಸಂತದಲ್ಲಿ ಪಶ್ಚಿಮ ಜರ್ಮನಿ ಜನಗಣತಿಗೆ ಹೊರಟಾಗ ಮನೆಮನೆಗಳಲ್ಲಿ ಪ್ರತಿಭಟನೆ ಎದ್ದಿತು. ಆ ಡಿಸೆಂಬರ್ 15ರಂದು ಸಂವಿಧಾನ ನ್ಯಾಯಾಲಯ ಕೊಟ್ಟ ತೀರ್ಪು ಇವತ್ತಿಗೂ ಈ ಕ್ಷೇತ್ರದ ಬುನಾದಿ. ತನ್ನ ಬಗೆಗಿನ ಮಾಹಿತಿ ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸುವ ಹಕ್ಕು ಆಯಾ ವ್ಯಕ್ತಿಯದು ಎಂದಿತು ಆ ತೀರ್ಪು. ಅದಕ್ಕೆ ಕೊಟ್ಟ ಕಾರಣ ಇನ್ನೂ ಮುಖ್ಯ: ಯಾರೋ ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂಬ ಅನುಮಾನವಿದ್ದರೆ ಮನುಷ್ಯ ಸಭೆಗೆ ಹೋಗಲು, ಸಂಘ ಸೇರಲು ಹಿಂಜರಿಯುತ್ತಾನೆ, ಹಾಗಾದಾಗ ನಷ್ಟವಾಗುವುದು ಪ್ರಜಾಪ್ರಭುತ್ವಕ್ಕೆ. ಗೋಡೆಯ ಆ ಕಡೆ, ಪೂರ್ವ ಜರ್ಮನಿಯ ಸ್ಟಾಸಿ ಪೊಲೀಸರು ಕೂಡಿಟ್ಟ ಕಡತಗಳನ್ನು ಆಮೇಲೆ ಅಳೆದರೆ 111 ಕಿಲೋಮೀಟರ್ ಉದ್ದವಾಯಿತು. ಆ ತೀರ್ಪಿಗೆ ಬೇರೆ ಅಡಿಟಿಪ್ಪಣಿ ಬೇಕಿಲ್ಲ.

ಆದರೆ ಅದಕ್ಕೂ ಮೊದಲೇ ಬಾಗಿಲು ಸ್ವಲ್ಪ ತೆರೆದಿತ್ತು. ಸ್ಟ್ರಾಸ್‌ಬರ್ಗ್‌ನಲ್ಲಿರುವ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ (ಇದು ಒಕ್ಕೂಟದ ನ್ಯಾಯಾಲಯವಲ್ಲ, 1950ರ ಮಾನವ ಹಕ್ಕುಗಳ ಒಡಂಬಡಿಕೆಗೆ ಸೇರಿದ್ದು) 1978ರ ಕ್ಲಾಸ್ ಪ್ರಕರಣದಲ್ಲಿ ಜರ್ಮನಿಯ ಗುಪ್ತ ಕಣ್ಗಾವಲು ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರಜಾಪ್ರಭುತ್ವವನ್ನು ಕಾಯುವ ನೆಪದಲ್ಲಿ ಅದನ್ನೇ ಹಾಳುಗೆಡವುವ ಅಪಾಯವಿದೆ ಎಂದು ಎಚ್ಚರಿಸಿದ ತೀರ್ಪೇ, ಕಾನೂನೂ ಮೇಲ್ವಿಚಾರಣೆಯೂ ಇದ್ದರೆ ಕಣ್ಗಾವಲು ಸರಿ ಎಂದೂ ಹೇಳಿತು. 1984ರಲ್ಲಿ ಬ್ರಿಟನ್ನಿನ ಮಲೋನ್ ಎಂಬ ಹಳೆ ವಸ್ತುಗಳ ವ್ಯಾಪಾರಿಯ ಫೋನ್ ಕದ್ದಾಲಿಸಿದ ಪ್ರಕರಣ ಬಂತು. ಕದ್ದಾಲಿಕೆಗೆ ನಿಮ್ಮಲ್ಲಿ ಸ್ಪಷ್ಟ ಕಾನೂನೇ ಇಲ್ಲವಲ್ಲ ಎಂದು ಕೋರ್ಟು ಕೇಳಿತು. ಮರುವರ್ಷ ಬ್ರಿಟನ್ ಕಾನೂನು ಮಾಡಿತು. ಕದ್ದಾಲಿಕೆ ಮುಂದುವರಿಯಿತು.

2001ರ ಸೆಪ್ಟೆಂಬರ್ 5ರಂದು ಐರೋಪ್ಯ ಸಂಸತ್ತು 'ಎಶೆಲಾನ್' ಎಂಬ ಜಾಗತಿಕ ಕದ್ದಾಲಿಕೆ ಜಾಲದ ಮೇಲಿನ ವರದಿಯನ್ನು ಅಂಗೀಕರಿಸಿತು. ನಾಗರಿಕರು ತಮ್ಮ ಇಮೇಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುವುದು ಒಳಿತು ಎಂಬ ಸಲಹೆ ಅದರಲ್ಲಿತ್ತು. ಆರು ದಿನಗಳಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದವು. ವರದಿಯನ್ನು ಯಾರೂ ಮತ್ತೆ ಕೇಳಲಿಲ್ಲ. 2004ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ, 2005ರ ಜುಲೈನಲ್ಲಿ ಲಂಡನ್ನಿನಲ್ಲಿ ಬಾಂಬುಗಳು ಸಿಡಿದವು. ಆ ಸೆಪ್ಟೆಂಬರ್‌ನಲ್ಲಿ ಮಂಡನೆಯಾದ ದತ್ತಾಂಶ ಸಂಗ್ರಹ ನಿರ್ದೇಶನ ಡಿಸೆಂಬರ್‌ನಲ್ಲಿ ಸಂಸತ್ತನ್ನು ದಾಟಿ 2006ರಲ್ಲಿ ಜಾರಿಗೆ ಬಂತು. ಯಾರು ಯಾರಿಗೆ, ಯಾವಾಗ, ಎಲ್ಲಿಂದ, ಎಷ್ಟು ಹೊತ್ತು ಕರೆ ಮಾಡಿದರೆಂಬುದನ್ನು ಕಂಪನಿಗಳು 6 ತಿಂಗಳಿಂದ 2 ವರ್ಷದವರೆಗೆ ಇಟ್ಟುಕೊಳ್ಳಬೇಕು. ಮಾತಿನ ಒಳಗನ್ನು ಮುಟ್ಟುವುದಿಲ್ಲ ಎಂಬುದೇ ಅದರ ಸಮರ್ಥನೆ.

1988ರಲ್ಲಿ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದನ್ನು ಬಲ್ಲ ನಮಗೆ ಕದ್ದಾಲಿಕೆಯ ಚಿತ್ರ ಚೆನ್ನಾಗಿ ಗೊತ್ತು: ಯಾರದೋ ಲೈನು, ಯಾರದೋ ಕಿವಿ. ಈ ನಿರ್ದೇಶನದ ಸ್ವರೂಪವೇ ಬೇರೆ. ಇಲ್ಲಿ ಶಂಕಿತ ಎಂಬವನೇ ಇಲ್ಲ. ಎಲ್ಲರ ಲೆಕ್ಕವನ್ನೂ ಮೊದಲೇ ಬರೆದಿಟ್ಟು, ಬೇಕಾದಾಗ ತೆರೆಯುವುದು. ಮಾತು ಕೇಳದಿದ್ದರೂ ಎಷ್ಟು ತಿಳಿಯುತ್ತದೆ ಎಂಬುದನ್ನು ಬಯಲು ಮಾಡಿದವರು ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಜ್. ತಮ್ಮದೇ ಮೊಬೈಲಿನ ವಿವರ ಕೊಡಿ ಎಂದು ಡಾಯ್ಚ ಟೆಲಿಕಾಮ್ ಮೇಲೆ ದಾವೆ ಹೂಡಿ ಆರು ತಿಂಗಳ ದಾಖಲೆ ಪಡೆದರು; 35,830 ಸಾಲುಗಳಿದ್ದವು. 2011ರಲ್ಲಿ ಡಿ ಝೈಟ್ ಪತ್ರಿಕೆ ಅದನ್ನು ನಕಾಶೆಯ ಮೇಲೆ ಚಲಿಸುವ ಚುಕ್ಕೆಯಾಗಿಸಿ ಪ್ರಕಟಿಸಿತು. ಆತ ಯಾವ ರೈಲಿನಲ್ಲಿದ್ದರು, ಯಾವ ಊರಿನಲ್ಲಿ ಮಲಗಿದರು ಎಲ್ಲವೂ ಕಾಣುತ್ತಿತ್ತು. ಸಾವಿರ ಪುಟದ ಕಾನೂನು ವಾದ ಮಾಡಲಾಗದ್ದನ್ನು ಆ ಚುಕ್ಕೆ ಮಾಡಿತೆಂದು ನನ್ನ ಎಣಿಕೆ.

ಆ ಹೊತ್ತಿಗೆ ರಾಷ್ಟ್ರೀಯ ನ್ಯಾಯಾಲಯಗಳು ಎಚ್ಚೆತ್ತಿದ್ದವು. 2009ರಲ್ಲಿ ರುಮೇನಿಯಾ, 2010ರಲ್ಲಿ ಜರ್ಮನಿ, 2011ರಲ್ಲಿ ಚೆಕ್ ಗಣರಾಜ್ಯ ತಂತಮ್ಮ ದೇಶದ ಸಂಗ್ರಹ ಕಾಯ್ದೆಗಳನ್ನು ಹೊಡೆದುಹಾಕಿದವು. ಜರ್ಮನಿಯಲ್ಲಿ ದೂರು ಸಲ್ಲಿಸಿದವರು ಸುಮಾರು 35,000 ಜನ. ಇವುಗಳ ಬೆನ್ನಿಗೇ ಬಂದದ್ದು 2014ರ ಲಕ್ಸೆಂಬರ್ಗ್ ತೀರ್ಪು. ಬ್ರಿಟನ್ನಿನ ಆ ತುರ್ತು ಕಾಯ್ದೆಯ ಮಾದರಿಯೂ ಸಲ್ಲದೆಂದು 2016ರ ಡಿಸೆಂಬರ್ 21ರಂದು ಅದೇ ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ಬ್ರಿಟನ್ ಮುಂದಿನ ಕಾಯ್ದೆ ಮಾಡಿ ಮೂರು ವಾರವಾಗಿತ್ತು.

ನಡುವೆ 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಟ್ಟಿನ ಜೊತೆಗೆ ಯೂರೋಪಿನದನ್ನೂ ಹೊರಹಾಕಿದ್ದರು. ಬ್ರಿಟನ್ನಿನ ಜಿಸಿಎಚ್‌ಕ್ಯೂ ಗುಪ್ತಚರ ಸಂಸ್ಥೆ ಸಮುದ್ರದಡಿಯ ಕೇಬಲ್‌ಗಳಿಗೇ ಕೈಹಾಕಿ, ಹಾದುಹೋಗುವ ಸಂದೇಶಗಳನ್ನು 3 ದಿನ, ಅವುಗಳ ವಿವರವನ್ನು 30 ದಿನ ಹಿಡಿದಿಡುತ್ತಿತ್ತು. ಜನ ಕೆರಳಿದರು. ಸರ್ಕಾರಗಳು ಇಂಥದ್ದು ನಿಲ್ಲಿಸುತ್ತವೆ ಎಂದು ಯಾರಾದರೂ ಎಣಿಸಿದ್ದರೆ, ಆದದ್ದು ತಿರುಗುಮುರುಗು. ಬ್ರಿಟನ್ನಿನ 2016ರ ತನಿಖಾಧಿಕಾರ ಕಾಯ್ದೆ ಸಗಟು ಕದ್ದಾಲಿಕೆಯನ್ನೂ ಕಂಪ್ಯೂಟರ್‌ಗಳಿಗೆ ಕನ್ನ ಹಾಕುವುದನ್ನೂ ಸಕ್ರಮಗೊಳಿಸಿ, ಜನ ಯಾವ ಜಾಲತಾಣಗಳಿಗೆ ಹೋದರೆಂಬುದನ್ನು 12 ತಿಂಗಳು ಇಟ್ಟುಕೊಳ್ಳುವಂತೆ ಕಂಪನಿಗಳಿಗೆ ಆಜ್ಞಾಪಿಸುವ ಅಧಿಕಾರ ಕೊಟ್ಟಿತು. ಶಾರ್ಲಿ ಎಬ್ದೋ ಪತ್ರಿಕೆಯ ಮೇಲಿನ ದಾಳಿಯ ನಂತರ 2015ರಲ್ಲಿ ಫ್ರಾನ್ಸ್, ಟೆಲಿಕಾಂ ಜಾಲದೊಳಗೆ ಶಂಕಾಸ್ಪದ ನಡವಳಿಕೆ ಹುಡುಕುವ 'ಕಪ್ಪು ಪೆಟ್ಟಿಗೆ'ಗಳಿಗೆ ಒಪ್ಪಿಗೆ ಕೊಟ್ಟಿತು. ಪ್ರಾಯೋಗಿಕವೆಂದು ಬಂದದ್ದು 2021ರಲ್ಲಿ ಕಾಯಂ ಆಯಿತು. ಜರ್ಮನಿಯ ವಿದೇಶಿ ಗುಪ್ತಚರ ಸಂಸ್ಥೆ ಕಾನೂನಿನ ಆಸರೆಯಿಲ್ಲದೆ ಮಾಡುತ್ತಿದ್ದ ಕೆಲಸಕ್ಕೂ 2016ರಲ್ಲಿ ಕಾಯ್ದೆ ಬಂತು. ನೆದರ್ಲೆಂಡ್ಸ್‌ನಲ್ಲಿ ಇಂಥದೇ ಕಾಯ್ದೆಯನ್ನು 2018ರ ಮಾರ್ಚ್‌ನಲ್ಲಿ ಜನಮತಕ್ಕೆ ಹಾಕಿದಾಗ ಶೇ 49.4 ಮಂದಿ ಬೇಡವೆಂದರು, ಶೇ 46.5 ಬೇಕೆಂದರು. ಸಣ್ಣಪುಟ್ಟ ತಿದ್ದುಪಡಿಯ ಭರವಸೆಯೊಂದಿಗೆ ಕಾಯ್ದೆ ಮೇ 1ಕ್ಕೆ ಜಾರಿಯಾಯಿತು. ಆ ವರ್ಷವೇ ರದ್ದಾದದ್ದು ಸಲಹಾ ಜನಮತದ ಪದ್ಧತಿ. ಆ ತೀರ್ಮಾನ ಮೊದಲೇ ಆಗಿತ್ತೆನ್ನುವುದು ನಿಜ. ಆದರೂ ವ್ಯಂಗ್ಯ ವ್ಯಂಗ್ಯವೇ.

ಸ್ನೋಡೆನ್ ಬಯಲು ಮಾಡಿದ ಬ್ರಿಟನ್ನಿನ ಕದ್ದಾಲಿಕೆಯ ಮೇಲಿನ ಅಂತಿಮ ತೀರ್ಪು ಸ್ಟ್ರಾಸ್‌ಬರ್ಗ್‌ನಿಂದ ಬಂದದ್ದು 2021ರ ಮೇ 25ರಂದು. ಬ್ರಿಟನ್ ಹಕ್ಕು ಉಲ್ಲಂಘಿಸಿದೆ ಎಂದು ಶೀರ್ಷಿಕೆಗಳು ಸಾರಿದವು. ಒಳಗೆ ಬೇರೆ ಮಾತಿತ್ತು: ಸಗಟು ಕದ್ದಾಲಿಕೆ ತನ್ನಷ್ಟಕ್ಕೆ ತಪ್ಪಲ್ಲ, ಮೊದಲಿಂದ ಕೊನೆಯವರೆಗೆ ರಕ್ಷಣೆಗಳಿದ್ದರೆ ಸಾಕು. ಯೂರೋಪಿನಲ್ಲಿ ಎಲೆಕ್ಟ್ರಾನಿಕ್ ದೊಡ್ಡಣ್ಣನಿಗೆ ಬಾಗಿಲು ತೆರೆದಂತಾಯಿತು ಎಂದು ಪೋರ್ಚುಗಲ್‌ನ ನ್ಯಾಯಾಧೀಶ ಪಿಂಟೊ ದೆ ಅಲ್ಬುಕೆರ್ಕೆ ಭಿನ್ನಮತ ಬರೆದರು. ಅವರ ಮಾತನ್ನು ಉತ್ಪ್ರೇಕ್ಷೆ ಎನ್ನಲು ನನಗಂತೂ ಧೈರ್ಯವಿಲ್ಲ.

ಇದೇ ಕಾಲಕ್ಕೆ ಯೂರೋಪು ಕಂಪನಿಗಳ ವಿಷಯದಲ್ಲಿ ಬಿಗಿಯಾಗುತ್ತ ಹೋಯಿತು. 2018ರ ಮೇ 25ರಂದು ಜಾರಿಯಾದ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ನಿಯಮ ಜಗತ್ತಿಗೇ ಮಾದರಿಯಾಯಿತು. 2023ರಲ್ಲಿ ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ಬಿತ್ತು. ಐರೋಪ್ಯರ ಮಾಹಿತಿಯನ್ನು ಅಮೆರಿಕಕ್ಕೆ ಕಳಿಸಿದ್ದು ಅದರ ತಪ್ಪು. ಅಲ್ಲಿನ ಗುಪ್ತಚರರಿಂದ ಆ ಮಾಹಿತಿಗೆ ರಕ್ಷಣೆ ಸಾಲದು ಎಂಬುದು ಹಿನ್ನೆಲೆ. ತಮ್ಮದೇ ಗುಪ್ತಚರರಿಗೆ ಮಾತ್ರ ಈ ಗಜಕಡ್ಡಿ ಇಲ್ಲ, ರಾಷ್ಟ್ರೀಯ ಭದ್ರತೆ ಆಯಾ ದೇಶಕ್ಕೆ ಬಿಟ್ಟದ್ದು. ಈ ಎರಡು ಮುಖ ನಮಗೆ ಅಪರಿಚಿತವೇನಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2023ರ ನಮ್ಮ ದತ್ತಾಂಶ ರಕ್ಷಣಾ ಕಾಯ್ದೆ ಕಂಪನಿಗಳನ್ನು ಕಟ್ಟಿಹಾಕುತ್ತ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಉಳಿಸಿತು. 2021ರ ಡಿಸೆಂಬರ್‌ನಿಂದ ನಮ್ಮ ಟೆಲಿಕಾಂ ಕಂಪನಿಗಳು ಕರೆ ವಿವರಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು. ಯೂರೋಪಿನ ರದ್ದಾದ ನಿರ್ದೇಶನದಲ್ಲಿ ಅದು ಗರಿಷ್ಠ ಮಿತಿಯಾಗಿತ್ತು.

ಲಕ್ಸೆಂಬರ್ಗ್ ನ್ಯಾಯಾಲಯವೂ ದಣಿದಂತೆ ಕಂಡಿತು. 2020ರ ಅಕ್ಟೋಬರ್ 6ರ ತೀರ್ಪಿನಲ್ಲಿ ಸಾರಾಸಗಟು ಸಂಗ್ರಹ ಕೂಡದೆಂಬ ತತ್ತ್ವವನ್ನು ಉಳಿಸಿಕೊಂಡೇ, ರಾಷ್ಟ್ರೀಯ ಭದ್ರತೆಗೆ ಗಂಭೀರ ಬೆದರಿಕೆಯಿದ್ದಾಗ, ಮಿತ ಅವಧಿಗೆ ಆಗಬಹುದು ಎಂಬ ಕಿಟಕಿ ಬಿಟ್ಟಿತು. ಆ ಕಿಟಕಿಯಲ್ಲಿ ಫ್ರಾನ್ಸ್ ಇಡೀ ಮನೆಯನ್ನೇ ಸಾಗಿಸಿತು: ಬೆದರಿಕೆ ಇದೆಯೆಂದು 2021ರಿಂದ ಒಂದು ವರ್ಷದ ಆದೇಶ, ಮುಗಿಯುತ್ತಲೇ ಮತ್ತೊಂದು ವರ್ಷದ್ದು. 2024ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ಸಿನಿಮಾ ಮತ್ತು ಸಂಗೀತ ನಕಲು ಮಾಡುವವರನ್ನು ಹಿಡಿಯಲೂ ಕೆಲವು ಷರತ್ತಿನ ಮೇಲೆ ಐಪಿ ವಿಳಾಸದಿಂದ ಗುರುತು ಪತ್ತೆ ಮಾಡಬಹುದೆಂದಿತು. ಭಯೋತ್ಪಾದನೆಗೆಂದು ಶುರುವಾದ ವಾದ ಹಾಡು ಡೌನ್‌ಲೋಡ್ ಮಾಡುವವನವರೆಗೆ ಇಳಿಯಲು ಹದಿನೆಂಟು ವರ್ಷ ಸಾಕಾಯಿತು.

ಬೇಹು ತಂತ್ರಾಂಶಗಳದು ಇನ್ನೊಂದೇ ಕಥೆ, ಚುಟುಕಾಗಿ ಹೇಳಿಬಿಡಬಹುದು. ಪೆಗಾಸಸ್ ಹಂಗೇರಿಯಲ್ಲಿ ಪತ್ರಕರ್ತರ, ಪೋಲೆಂಡಿನಲ್ಲಿ ವಿರೋಧ ಪಕ್ಷದ ಸೆನೆಟರ್ ಒಬ್ಬರ ಫೋನಿನಲ್ಲಿ ಸಿಕ್ಕಿತು. ಗ್ರೀಸ್‌ನಲ್ಲಿ ವಿರೋಧ ಪಕ್ಷದ ನಾಯಕ ನಿಕೋಸ್ ಆಂಡ್ರೌಲಾಕಿಸ್ ಅವರ ಫೋನಿಗೆ ಪ್ರೆಡೇಟರ್ ತೂರಿಸಲು ಯತ್ನ ನಡೆದದ್ದು ಬಯಲಾಗಿ 2022ರಲ್ಲಿ ಗುಪ್ತಚರ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಐರೋಪ್ಯ ಸಂಸತ್ತಿನ ಸಮಿತಿ 2023ರಲ್ಲಿ ಕಟುವಾದ ವರದಿ ಕೊಟ್ಟಿತು.

ಈಗಿನ ಜಗಳವೆಲ್ಲ ಎನ್‌ಕ್ರಿಪ್ಷನ್ ಮೇಲೆ. 2022ರ ಮೇ 11ರಂದು ಒಕ್ಕೂಟದ ಗೃಹ ವ್ಯವಹಾರಗಳ ಆಯುಕ್ತೆ ಇಲ್ವಾ ಯೋಹಾನ್ಸನ್ ಮುಂದಿಟ್ಟ ನಿಯಮಕ್ಕೆ ವಿರೋಧಿಗಳು 'ಚಾಟ್ ಕಂಟ್ರೋಲ್' ಎಂದು ಹೆಸರಿಟ್ಟರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಹುಡುಕಲು ಸಂದೇಶ ಸೇವೆಗಳಿಗೆ ಆಜ್ಞೆ ಮಾಡಬಹುದು ಎಂಬುದು ಅದರ ತಿರುಳು. ಆ ಪಿಡುಗು ನಿಜ, ಭೀಕರ. ಆದರೆ ಮಾರ್ಗ ಮಧ್ಯೆ ಓದಲಾಗದ ಸಂದೇಶವನ್ನು ಪರೀಕ್ಷಿಸಬೇಕಾದರೆ ಅದು ಹೊರಡುವ ಮೊದಲೇ ನೋಡಬೇಕು. ಅಂದರೆ ಲಕೋಟೆಗೆ ಅಂಟು ಹಚ್ಚುವ ಮುಂಚೆ ಅಂಚೆ ಇಲಾಖೆಯವನು ನಿಮ್ಮ ಮೇಜಿನ ಪಕ್ಕ ಬಂದು ನಿಂತಂತೆ. 2024ರ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ, ಎಲ್ಲರ ಎನ್‌ಕ್ರಿಪ್ಷನ್ ದುರ್ಬಲಗೊಳಿಸುವ ಆಜ್ಞೆ ಪ್ರಜಾಪ್ರಭುತ್ವದಲ್ಲಿ ಸಲ್ಲದೆಂದಿತು. ಅಲ್ಲಿ ಪ್ರತಿವಾದಿ ರಷ್ಯಾ. ಮರುವರ್ಷ ಬ್ರಿಟನ್ ಸರ್ಕಾರದ ಗುಪ್ತ ಆಜ್ಞೆಯ ಸುದ್ದಿ ಹೊರಬಿದ್ದ ಬೆನ್ನಿಗೇ ಆ್ಯಪಲ್ ತನ್ನ ಅತಿ ಬಿಗಿಯಾದ ಕ್ಲೌಡ್ ರಕ್ಷಣೆಯನ್ನು ಆ ದೇಶದಲ್ಲಿ ಹಿಂತೆಗೆದುಕೊಂಡಿತು. ಒಕ್ಕೂಟದಲ್ಲಿ ಜರ್ಮನಿ ಒಲ್ಲೆನೆಂದದ್ದರಿಂದ 2025ರ ನವೆಂಬರ್‌ನಲ್ಲಿ ಸದಸ್ಯ ರಾಷ್ಟ್ರಗಳ ಮಂಡಳಿ ಕಡ್ಡಾಯ ಸ್ಕ್ಯಾನಿಂಗ್ ಕೈಬಿಟ್ಟು, ಸ್ವಯಂಪ್ರೇರಿತ ಸ್ಕ್ಯಾನಿಂಗ್ ಮುಂದುವರಿಸುವ ನಿಲುವಿಗೆ ಬಂತು. ಕಡ್ಡಾಯವಿದ್ದಾಗ, 2024ರಲ್ಲಿ ಮಂಡಳಿಯ ಮುಂದಿದ್ದ ಕರಡಿನಲ್ಲಿ ಒಂದು ವಿನಾಯಿತಿ ಇತ್ತು: ರಾಷ್ಟ್ರೀಯ ಭದ್ರತೆ, ಕಾನೂನು ಸುವ್ಯವಸ್ಥೆ ಮತ್ತು ಸೇನಾ ಕೆಲಸಕ್ಕೆ ಸರ್ಕಾರ ಬಳಸುವ ಖಾತೆಗಳಿಗೆ ಈ ಸ್ಕ್ಯಾನಿಂಗ್ ಅನ್ವಯಿಸುವುದಿಲ್ಲ.